ಒರೆಯ ಬಾಯಿಗೆ ತಾಗುವ ಕತ್ತಿ

ಪ್ರಶ್ನೆ: ಕರಾಟೆ ಕ್ಲಾಸಿನ ಜತೆಗೆ ಇಯಾಯಿದೋ ಶುರು ಮಾಡಿದ್ದೇನೆ. ಕತ್ತಿ ಹಿರಿದು, ಬೀಸಿ, ಮತ್ತೆ ಒರೆಗೆ ಸೇರಿಸುವ ಜಪಾನಿ ವಿದ್ಯೆ. ನನ್ನ ಎತ್ತರ 5 ಅಡಿ 5 ಇಂಚು, ತರಿಸಿದ ಅಭ್ಯಾಸದ ಕತ್ತಿ 2 ಶಾಕು 5 ಸುನ್. ಹಿರಿಯುವಾಗ ಪ್ರತಿ ಸಲ ಮೊನೆ ಒರೆಯ ಬಾಯಿಗೆ ತಾಗುತ್ತದೆ, ಬಲಭುಜ ನೋಯುತ್ತದೆ. ಕತ್ತಿ ಉದ್ದವಾಯಿತೇ?
— ಓದುಗರು, ಕುಮಟಾ

ಉತ್ತರ: ಸ್ವಲ್ಪ ಉದ್ದವೇ. 1 ಶಾಕು ಅಂದರೆ 30.3 ಸೆಂ.ಮೀ., ಅದರ ಹತ್ತನೇ ಒಂದು ಭಾಗ ಸುನ್. ನಿಮ್ಮ ಕತ್ತಿಯ ಅಲಗು ಹತ್ತಿರಹತ್ತಿರ 76 ಸೆಂ.ಮೀ. ಆಯಿತು. ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ 2 ಶಾಕು 4 ಸುನ್ ಆಸುಪಾಸು, ಅಂದರೆ 72-73 ಸೆಂ.ಮೀ. ಸಾಕು. ಆದರೆ ಈ ಮೂರು ಸೆಂಟಿಮೀಟರಿಗಾಗಿ ಹೊಸ ಕತ್ತಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಎಡಗೈ ಏನು ಮಾಡುತ್ತಿದೆ ನೋಡಿಕೊಳ್ಳಿ. ಭುಜ ನೋಯುತ್ತಿದೆ ಎಂದರೆ ಇಡೀ ಕತ್ತಿಯನ್ನು ಬಲಗೈ ಒಂದೇ ಎಳೆಯುತ್ತಿದೆ, ಎಡಗೈ ಒರೆ ಹಿಡಿದು ಸುಮ್ಮನೆ ಕೂತಿದೆ.

ಕ್ರಮ ಹೀಗೆ. ಎಡಗೈ ಒರೆಯ ಬಾಯನ್ನು ಹಿಡಿದಿರಲಿ. ಹೆಬ್ಬೆರಳಿನಿಂದ ತ್ಸುಬಾವನ್ನು, ಅಂದರೆ ಹಿಡಿಯ ಮುಂದಿನ ತಟ್ಟೆಯನ್ನು, ಮುಂದಕ್ಕೆ ತಳ್ಳಿ. ಅಲಗಿನ ಬುಡದಲ್ಲಿರುವ ಹಿತ್ತಾಳೆಯ ಪಟ್ಟಿ ಸುಮಾರು ಒಂದು ಇಂಚು ಸಡಿಲಾಗಿ ಹೊರಬರುತ್ತದೆ. ಬಲಗೈ ಹಿಡಿಯನ್ನು ಕೆಳಗಿನಿಂದ ಹಗುರಾಗಿ ಹಿಡಿದು ನಿಧಾನಕ್ಕೆ ಎಳೆಯಲಿ. ಹರಿತದ ಅಂಚು ಮೇಲ್ಮುಖವಾಗಿಯೇ ಇರಬೇಕು, ಅಲಗಿನ ಬೆನ್ನು ಮಾತ್ರ ಒರೆಯೊಳಗೆ ಜಾರಬೇಕು. ಕೊನೆಯ 9-10 ಸೆಂ.ಮೀ. ಒಳಗಿರುವಾಗ ಎಡಗೈ ಒರೆಯನ್ನು ಅಡ್ಡಕ್ಕೆ ತಿರುಗಿಸುತ್ತದೆ. ಅಲ್ಲಿಂದ ಮುಂದಕ್ಕೆ ಕತ್ತಿಯನ್ನು ಎಳೆಯಬೇಡಿ, ಒರೆಯನ್ನು ಹಿಂದಕ್ಕೆ ಎಳೆಯಿರಿ. ಎಡಮೊಣಕೈ ಬೆನ್ನಿನ ಕಡೆ ಹೋಗಬೇಕು, ಕಿರುಬೆರಳು ಸೊಂಟಪಟ್ಟಿಗೆ ಒರೆಸಿಕೊಂಡು ಸಾಗಬೇಕು. ಇದಕ್ಕೆ ಸಾಯಾಬಿಕಿ ಅನ್ನುತ್ತಾರೆ. ಇದು ಬಂದರೆ 76 ಸೆಂ.ಮೀ. ಕೂಡ ತಾಗದೆ ಹೊರಬರುತ್ತದೆ.

ಅಭ್ಯಾಸಕ್ಕೆ ಬಲಗೈಯನ್ನು ಹೊಟ್ಟೆಯ ಮುಂದೆ ಅಲ್ಲಾಡದಂತೆ ನಿಲ್ಲಿಸಿ, ಎಡಗೈಯಿಂದ ಒರೆಯನ್ನಷ್ಟೇ ಕಳಚುತ್ತಾ ಹೋಗಿ. ಕರಾಟೆ ಬೆಲ್ಟಿನ ಮೇಲೆ ಮಾಡುತ್ತಿದ್ದರೆ ಅದನ್ನೂ ಬದಲಿಸಿ. ನಾಲ್ಕು ಸೆಂಟಿಮೀಟರ್ ಅಗಲದ ಬೆಲ್ಟಿನಲ್ಲಿ ಒರೆ ಓಲಾಡುತ್ತದೆ. ಎಂಟು-ಹತ್ತು ಸೆಂ.ಮೀ. ಅಗಲದ ಓಬಿಯನ್ನು, ಅಂದರೆ ಜಪಾನಿ ಸೊಂಟಪಟ್ಟಿಯನ್ನು, ಮೂರು ಸುತ್ತು ಸುತ್ತಿ, ಸುತ್ತುಗಳ ನಡುವೆ ಒರೆ ಸಿಕ್ಕಿಸಬೇಕು.

ಒರೆಯಿಂದ ಮರದ ಪುಡಿ ಉದುರುತ್ತಿದೆಯೇ? ಹಾಗಾದರೆ ಅಂಚು ಒಳಗೋಡೆಯನ್ನು ಕೊರೆಯುತ್ತಿದೆ. ಅಭ್ಯಾಸದ ಕತ್ತಿಯಲ್ಲಿ ಹೋಗುವುದು ಒರೆ ಮಾತ್ರ. ಹರಿತ ಕತ್ತಿಯಲ್ಲಿ ಹಾಗೆ ಒತ್ತಿ ಎಳೆದರೆ ಒರೆ ಸೀಳಿ, ಅದನ್ನು ಹಿಡಿದ ಬೆರಳುಗಳಿಗೇ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಗುಡಿಗಾರಿಕೆ ಇದೆ. ಇಂಥ ಕತ್ತಿಗೆ ಸಾಗವಾನಿಯಲ್ಲಿ ಒರೆ ಕೆತ್ತಬಹುದೇ?
— ಓದುಗರು, ಶಿರಸಿ

ಉತ್ತರ: ಸಾಗವಾನಿ ಬೇಡ. ಅದರಲ್ಲಿ ಸಿಲಿಕಾ ಇದೆ, ಉಳಿಯ ಬಾಯಿ ಎಷ್ಟು ಬೇಗ ಹೋಗುತ್ತದೆಂದು ನಿಮಗೇ ಗೊತ್ತಲ್ಲ. ಹೊಳಪು ಕೊಟ್ಟ ಅಲಗಿನ ಮೇಲೂ ಅದು ಗೀರು ಎಳೆಯುತ್ತದೆ, ಎಣ್ಣೆಯಂಶ ಬೇರೆ. ಜಪಾನಿನಲ್ಲಿ ಬಳಸುವುದು ಹೋನೋಕಿ, ಮೆತ್ತಗಿನ, ರಾಳ ಕಡಿಮೆಯ ಮರ, ವರ್ಷಗಟ್ಟಲೆ ಒಣಗಿಸಿದ್ದು. ಅದು ಮ್ಯಾಗ್ನೋಲಿಯಾ ಕುಲದ್ದು, ನಮ್ಮ ಸಂಪಿಗೆಯೂ ಅದೇ ಕುಲ. ಹಾಗಾಗಿ ಮಾಡಿ ನೋಡುವುದಿದ್ದರೆ ಚೆನ್ನಾಗಿ ಹದವಾದ ಸಂಪಿಗೆಯಿಂದ ಶುರು ಮಾಡಿ.

ಎರಡು ಹೋಳಾಗಿ ಸೀಳಿ, ಒಳಗೆ ತೋಡಿ, ಅಲಗನ್ನು ಕೂರಿಸಿ ನೋಡಿ. ಬಿಗಿ ಹಿಡಿಯಬೇಕಾದ್ದು ಬಾಯಲ್ಲಿ, ಹಿತ್ತಾಳೆ ಪಟ್ಟಿ ಕೂರುವ ಜಾಗದಲ್ಲಿ ಮಾತ್ರ. ಅಲಗಿನ ಪಕ್ಕಗಳು ಎಲ್ಲೂ ಮರಕ್ಕೆ ತಾಗಬಾರದು. ಅಂಟಿಸಲು ಫೆವಿಕಾಲ್ ಹಚ್ಚಬೇಡಿ, ಅನ್ನ ಅರೆದ ಅಂಟು ಸಾಕು. ಒಳಗೆ ತುಕ್ಕೋ ಕಸವೋ ಸೇರಿದ ದಿನ ಒರೆಯನ್ನು ಮತ್ತೆ ಬಿಡಿಸಬೇಕಲ್ಲ, ಅದಕ್ಕೇ ಜಪಾನಿನವರೂ ಅನ್ನದ ಅಂಟನ್ನೇ ಇಟ್ಟುಕೊಂಡಿದ್ದಾರೆ.

ಅಳತೆಯನ್ನು ಮಳೆಗಾಲದಲ್ಲಿ ತೆಗೆಯಬೇಡಿ. ಜೂನ್-ಜುಲೈಯಲ್ಲಿ ಬಾಗಿಲು ಉಬ್ಬಿ ಹಿಡಿಯುವಂತೆ ಒರೆಯೂ ಹಿಡಿಯುತ್ತದೆ. ಆಗ ತೋಡಿ ಸಡಿಲ ಮಾಡಿದರೆ ಮಾರ್ಚ್‌ನಲ್ಲಿ ಕತ್ತಿ ತಾನಾಗಿ ಜಾರಿ ಬೀಳುತ್ತದೆ. ಹಿಡಿಯೊಳಗಿನ ಬಿದಿರಿನ ಮೊಳೆಗೂ ಇದೇ ಪಾಡು, ಒಣ ಹವೆಯಲ್ಲಿ ಕುಗ್ಗುತ್ತದೆ. ಅಲಗನ್ನು ಹಿಡಿಗೆ ಕಟ್ಟಿಹಾಕಿರುವುದು ಆ ಒಂದು ಮೊಳೆ. ಪ್ರತಿ ಅಭ್ಯಾಸಕ್ಕೂ ಮುಂಚೆ ಹೆಬ್ಬೆರಳಿನಿಂದ ಒತ್ತಿ ನೋಡಿ.

ಪ್ರಶ್ನೆ: ಯಕ್ಷಗಾನದಲ್ಲಿ ಮಂಡಿ ಹಾಕಿ ಹಾಕಿ ಮೊಣಕಾಲು ಸೋತಿದೆ. ಕೂತು ಮಾಡುವ ಪಟ್ಟುಗಳು ಆಗುವುದಿಲ್ಲ. ಬಿಡಬೇಕೇ?
— ಓದುಗರು, ಹೊನ್ನಾವರ

ಉತ್ತರ: ಬೇಡ. ಅಖಿಲ ಜಪಾನ್ ಕೆಂಡೋ ಒಕ್ಕೂಟದ 12 ಇಯಾಯಿದೋ ಪಟ್ಟುಗಳಲ್ಲಿ ಮೊದಲ ಮೂರು ವಜ್ರಾಸನದಂಥ ಸೇಯ್‌ಜಾದಲ್ಲಿ, ನಾಲ್ಕನೆಯದು ಒಂದು ಮೊಣಕಾಲು ಎತ್ತಿ ಕೂತು. ಐದರಿಂದ ಹನ್ನೆರಡರವರೆಗೆ ಎಲ್ಲ ನಿಂತೇ. ಐದನೆಯದರಿಂದ ಶುರು ಮಾಡಿ, ಉಳಿದದ್ದನ್ನು ಮೂಳೆ ಡಾಕ್ಟರು ಹೇಳಲಿ.

ಪ್ರಶ್ನೆ: ಈ ವಿದ್ಯೆಯ ಗುರುಗಳಲ್ಲಿ ಯಾರನ್ನು ತಿಳಿದಿರಬೇಕು?
— ಓದುಗರು, ಕಾರವಾರ

ಉತ್ತರ: ಮೂಲಪುರುಷ ಹಯಾಶಿಜಾಕಿ ಜಿನ್‌ಸುಕೆ, 16ನೇ ಶತಮಾನದವರು, ಇಂದಿನ ಯಮಗಾತಾ ಪ್ರಾಂತ್ಯದ ಕಡೆಯವರು. ತಂದೆಯ ಕೊಲೆಗೆ ಸೇಡು ತೀರಿಸಲು ದೇವರ ಮುಂದೆ ವ್ರತ ಹಿಡಿದು ಈ ವಿದ್ಯೆ ಪಡೆದರು ಎಂಬುದು ಸ್ಥಳಪುರಾಣ, ಅಷ್ಟಕ್ಕೇ ತೆಗೆದುಕೊಳ್ಳಿ. ಅವರ ಹೆಸರಿನ ಒಂದು ಶಾಲೆಯಲ್ಲಿ 3 ಶಾಕು 3 ಸುನ್, ಅಂದರೆ ಸರಿಯಾಗಿ ಒಂದು ಮೀಟರ್ ಉದ್ದದ ಕತ್ತಿಯನ್ನು ಕೂತಲ್ಲೇ ಹಿರಿಯುತ್ತಾರೆ. ಮೇಲಿನ ಕುಮಟಾದ ಓದುಗರು ಗಮನಿಸಬೇಕು.

ಇಂದು ಕಲಿಸುವ ಬಹುಪಾಲು ಇಬ್ಬರಿಂದ ಬಂದದ್ದು. ಜಪಾನಿನ ತೋಸಾ ಸೀಮೆಯ ಓಯೆ ಮಸಾಮಿಚಿ (1852-1927) ಚದುರಿದ್ದ ಪಟ್ಟುಗಳನ್ನು ವಿಂಗಡಿಸಿ ಕ್ರಮಕ್ಕೆ ತಂದರು, ಆ ಶಾಲೆ ಮುಸೋ ಜಿಕಿದೆನ್ ಏಶಿನ್ ರ‍್ಯೂ. ಅದೇ ತೋಸಾ ವಿದ್ಯೆಯನ್ನು ಕಲಿತ ನಾಕಾಯಾಮಾ ಹಾಕುದೋ (1958ರಲ್ಲಿ ತೀರಿಕೊಂಡರು) ಅವರ ಪರಂಪರೆ ಮುಸೋ ಶಿಂದೆನ್ ರ‍್ಯೂ. ಒಕ್ಕೂಟದ 12 ಪಟ್ಟುಗಳು ಇತ್ತೀಚಿನವು: 1969ರಲ್ಲಿ 7, 1980ರಲ್ಲಿ 3, 2000ದಲ್ಲಿ 2. ಶಾಲೆ ಯಾವುದೆಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಕಲಿಸುವವರು ಎಡಗೈಯನ್ನು ತಿದ್ದುತ್ತಾರೋ ಇಲ್ಲವೋ ನೋಡಿ ಸೇರಿಕೊಳ್ಳಿ.

ಪ್ರಶ್ನೆ: ತೋಟದಲ್ಲಿ ಗೊನೆ ಕಡಿದ ಬಾಳೆ ಬೇಕಾದಷ್ಟಿದೆ. ಅದರ ಮೇಲೆ ಕತ್ತಿ ಬೀಸಿ ನೋಡಬಹುದೇ?
— ಓದುಗರು, ಅಂಕೋಲಾ

ಉತ್ತರ: ಅಭ್ಯಾಸದ ಕತ್ತಿಯಲ್ಲಿ ಖಂಡಿತ ಬೇಡ. ಅದರ ಅಲಗು ಸತು-ಅಲ್ಯೂಮಿನಿಯಂ ಮಿಶ್ರಲೋಹದ್ದು, ಬಾಗುತ್ತದೆ ಇಲ್ಲವೇ ಮುರಿದು ಹಾರುತ್ತದೆ. ಉಕ್ಕಿನ ಹರಿತ ಕತ್ತಿಯಾದರೆ ಬಾಳೆಯ ಸೊನೆ ಅಲಗಿಗೆ ಕರೆ ಹಿಡಿಸುತ್ತದೆ. ಜಪಾನಿನಲ್ಲಿ ಕಡಿಯುವುದು ಸುತ್ತಿ ಕಟ್ಟಿ ನೀರಲ್ಲಿ ನೆನೆಹಾಕಿದ ಚಾಪೆಯನ್ನು. ಯಾವುದನ್ನೇ ಕಡಿದರೂ ಕೂಡಲೇ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ. ಕಡಲಿನ ಉಪ್ಪುಗಾಳಿಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೂ ಚುಕ್ಕೆ ಬೀಳಬಹುದು. ಹರಿತ ಕತ್ತಿ ತರಿಸುವ ಮುಂಚೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.