ವೈಮ್ಸ್‌ನನ್ನು ಮೆಚ್ಚಿದ ಅಪರಾಧ

ಪ್ರಿಯ ಓದುಗರೇ,

ನಿಮ್ಮ ಪತ್ರದ ಸಾರವನ್ನು ಉಳಿದವರಿಗಾಗಿ ಮೊದಲು ಹೇಳಿಬಿಡುತ್ತೇನೆ. ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಟ್ಚೆಟ್ ಅವರ ಡಿಸ್ಕ್‌ವರ್ಲ್ಡ್ ಎಂಬ ಹಾಸ್ಯ ಫ್ಯಾಂಟಸಿ ಸರಣಿಯ 41 ಕಾದಂಬರಿಗಳಲ್ಲಿ ನೀವು 40ನ್ನು ಓದಿದ್ದೀರಿ. ಕೆಲವನ್ನು ಮತ್ತೆ ಮತ್ತೆ ಓದಿದ್ದೀರಿ. ಅಲ್ಲಿನ ಪಾತ್ರಗಳು ನೆಂಟರಿಷ್ಟರಿಗಿಂತ ಆಪ್ತವಾಗಿವೆ ಎಂದು ಬರೆದಿದ್ದೀರಿ. ಇದನ್ನು ಕೇಳಿದ ನಿಮ್ಮ ಗೆಳತಿಯೊಬ್ಬರು, ಮಂತ್ರವಾದಿಗಳ ತಮಾಷೆಯಲ್ಲಿ ಇಷ್ಟು ವರ್ಷ ಕಳೆದದ್ದು ಸಾಕು, ಇನ್ನಾದರೂ ಗಂಭೀರ ಸಾಹಿತ್ಯದ ಕಡೆ ತಿರುಗಬಾರದೇ ಎಂದರಂತೆ. ಆ ಮಾತು ನಿಮ್ಮನ್ನು ಚುಚ್ಚಿದೆ. ನಿಮ್ಮ ಅಭಿರುಚಿ ಬೆಳೆಯದೆ ನಿಂತುಹೋಯಿತೇ ಎಂದು ನನ್ನನ್ನು ಕೇಳುತ್ತಿದ್ದೀರಿ. ಓದದೆ ಎತ್ತಿಟ್ಟುಕೊಂಡಿರುವ ಕೊನೆಯ ಕಾದಂಬರಿಯನ್ನು ಓದಬೇಕೇ ಬೇಡವೇ ಎಂಬ ಪ್ರಶ್ನೆಯನ್ನೂ ಅದರ ಬೆನ್ನಿಗೇ ಇಟ್ಟಿದ್ದೀರಿ.

ಮೊದಲು ಒಂದು ಆಕ್ಷೇಪಣೆ. ಪತ್ರದುದ್ದಕ್ಕೂ ನೀವು ಕ್ಷಮೆ ಕೇಳುತ್ತಲೇ ಇದ್ದೀರಿ. 'ಇಂಥ ಪುಸ್ತಕದ ಬಗ್ಗೆ ಬರೆಯುತ್ತಿರುವುದಕ್ಕೆ ಮನ್ನಿಸಿ' ಎಂದು ಆರಂಭಿಸಿ, 'ನಿಮ್ಮ ಸಮಯ ಹಾಳುಮಾಡಿದ್ದರೆ ಮನ್ನಿಸಿ' ಎಂದು ಮುಗಿಸಿದ್ದೀರಿ. ನಡುವೆ ಮಾತ್ರ, ಆ ಕಾದಂಬರಿಗಳ ಆಂಕ್-ಮಾರ್ಪೋರ್ಕ್ ನಗರದ ಕಾವಲುಪಡೆಯ ಬಗ್ಗೆ ಬರೆಯುವಾಗ, ಮೈಮರೆತು ಎರಡು ಪುಟಗಳಷ್ಟು ಸೊಗಸಾದ ವಿಮರ್ಶೆಯನ್ನೇ ಬರೆದಿದ್ದೀರಿ. ಆ ಎರಡು ಪುಟಗಳಲ್ಲಿ ಕಾಣುವ ಓದುಗರು ಯಾರಿಂದಲೂ ಅಭಿರುಚಿಯ ಪ್ರಮಾಣಪತ್ರ ಪಡೆಯಬೇಕಾದವರಲ್ಲ. ಹಾಗಿರುವಾಗ ಈ ತಗ್ಗಿದ ದನಿ ಏಕೆ?

ನಿಮ್ಮ ಗೆಳತಿಯ ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. 1983ರಲ್ಲಿ ಬಂದ ಮೊದಲ ಕಾದಂಬರಿ 'ದಿ ಕಲರ್ ಆಫ್ ಮ್ಯಾಜಿಕ್' ಮತ್ತು ಅದರ ಮುಂದುವರಿಕೆ, ಆ ಕಾಲದ ಫ್ಯಾಂಟಸಿ ಕಾದಂಬರಿಗಳ ಅಣಕಗಳೇ ಸರಿ. ಅಣಕಿಸಿದ ಮೂಲಗಳನ್ನು ಓದದವರಿಗೆ ಅಲ್ಲಿನ ಅರ್ಧ ನಗು ದಕ್ಕುವುದಿಲ್ಲ. ಸರಣಿಯಲ್ಲಿ ಕೆಲವು ಚೇಷ್ಟೆಗಳು ಮರುಕಳಿಸುತ್ತವೆ, ಕೆಲವು ಕಥೆಗಳು ಅವಸರದಲ್ಲಿ ಮುಗಿಯುತ್ತವೆ. ಗಂಭೀರ ಸಾಹಿತ್ಯವನ್ನು ಓದಬೇಕೆಂಬ ಸಲಹೆಯೂ ಒಳ್ಳೆಯದೇ, ಅಗತ್ಯವಾಗಿ ಓದಿ. ಇಷ್ಟು ಒಪ್ಪಿಕೊಂಡ ಮೇಲೆ ನಾನು ನಿಮ್ಮ ಪಕ್ಷಕ್ಕೆ ಬರುತ್ತೇನೆ, ಮತ್ತು ಅಲ್ಲೇ ಇರುತ್ತೇನೆ.

ನಾಲ್ಕು ಆನೆಗಳ ಬೆನ್ನ ಮೇಲೆ ಒಂದು ಚಪ್ಪಟೆ ಲೋಕ, ಆ ಆನೆಗಳು ನಿಂತಿರುವುದು ಆಕಾಶದಲ್ಲಿ ಈಜುವ ಮಹಾ ಆಮೆಯೊಂದರ ಮೇಲೆ. ಕೂರ್ಮನನ್ನೂ ದಿಗ್ಗಜಗಳನ್ನೂ ಬಲ್ಲ ಓದುಗರಿಗೆ ಇದೇನೂ ಹೊಸ ಚಿತ್ರವಲ್ಲ. ಹೊಸದು ಇರುವುದು ಆ ಲೋಕದಲ್ಲಿ ಯಾರಿಗೆ ಮಾತು ಸಿಗುತ್ತದೆ ಎಂಬಲ್ಲಿ. 1989ರ 'ಗಾರ್ಡ್ಸ್! ಗಾರ್ಡ್ಸ್!' ಕಾದಂಬರಿಯ ಅರ್ಪಣೆಯನ್ನು ನೆನಪಿಸಿಕೊಳ್ಳಿ. ಸಾಹಸಕಥೆಗಳಲ್ಲಿ ಮೂರನೆಯ ಅಧ್ಯಾಯದ ಹೊತ್ತಿಗೆ ಒಳನುಗ್ಗಿ, ಒಬ್ಬೊಬ್ಬರಾಗಿ ನಾಯಕನ ಕತ್ತಿಗೆ ಬಲಿಯಾಗುವ ಕಾವಲುಗಾರರಿಗೆ ಆ ಪುಸ್ತಕ ಅರ್ಪಿತವಾಗಿದೆ. ನಿಮಗೆ ಇದು ಇಷ್ಟವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲವಂತೆ. ತಮಾಷೆಯ ಮಾತು ಹೌದು. ಆದರೆ ಕಥೆಗಾರರು ಶತಮಾನಗಳಿಂದ ಲೆಕ್ಕವಿಲ್ಲದೆ ಕೊಲ್ಲುತ್ತ ಬಂದ ಹೆಸರಿಲ್ಲದವರ ಕಡೆಗೆ ಆ ಒಂದು ಮಾತು ನಮ್ಮ ಮುಖವನ್ನು ತಿರುಗಿಸುತ್ತದೆ, ಮತ್ತು ಆಮೇಲೆ ಬೇರೆ ಯಾವ ಸಾಹಸಕಥೆ ಓದಿದರೂ ಅಡ್ಡಬಿದ್ದ ಕಾವಲುಗಾರನ ಮನೆಯಲ್ಲಿ ಯಾರು ಕಾಯುತ್ತಿದ್ದಾರೋ ಎಂಬ ಯೋಚನೆ ಬರದಿರುವುದಿಲ್ಲ.

ಆ ಕಾದಂಬರಿಯ ಆರಂಭದಲ್ಲಿ ಕಂಠಪೂರ್ತಿ ಕುಡಿದು ಚರಂಡಿಯಲ್ಲಿ ಬಿದ್ದಿರುವ ಸ್ಯಾಮ್ ವೈಮ್ಸ್, ಯಾರೂ ಲೆಕ್ಕಕ್ಕಿಡದ ಒಂದು ಕಾವಲುಪಡೆಯ ನಾಯಕ. ಮುಂದಿನ ಕಾದಂಬರಿಗಳಲ್ಲಿ ಅವನ ಪಡೆಗೆ ಕಲ್ಲಿನ ಮೈಯ ಟ್ರೋಲ್ ಬರುತ್ತಾನೆ, ತೋಳವಾಗಿ ಮಾರ್ಪಡುವ ಯುವತಿ ಬರುತ್ತಾಳೆ, ಹೆಣ್ಣೆಂದು ಬಹಿರಂಗವಾಗಿ ಹೇಳಿಕೊಳ್ಳಲು ಧೈರ್ಯಮಾಡುವ ಕುಬ್ಜ ಕುಲದವಳೂ ಬರುತ್ತಾಳೆ. ವೈಮ್ಸ್ ಪ್ರತಿಯೊಬ್ಬರ ಬಗ್ಗೆಯೂ ಗೊಣಗುತ್ತಾನೆ, ಆಮೇಲೆ ಅವರಿಗಾಗಿ ಜೀವ ಕೊಡಲು ಸಿದ್ಧನಾಗುತ್ತಾನೆ. 1993ರ 'ಮೆನ್ ಅಟ್ ಆರ್ಮ್ಸ್' ಕಾದಂಬರಿಯಲ್ಲಿ ಅವನು ಬೂಟುಗಳ ಬಗ್ಗೆ ಯೋಚಿಸುವ ಭಾಗ ನಿಮಗೂ ಪ್ರಿಯವೆಂದು ಬರೆದಿದ್ದೀರಿ. ತಿಂಗಳಿಗೆ 38 ಡಾಲರ್ ಸಂಬಳದವನು 50 ಡಾಲರಿನ ಒಳ್ಳೆಯ ಬೂಟು ಕೊಳ್ಳಲಾರ. 10 ಡಾಲರಿನದನ್ನು ಕೊಳ್ಳುತ್ತಾನೆ, ಅದು ಒಂದೆರಡು ಋತುಗಳಲ್ಲಿ ಸವೆದುಹೋಗುತ್ತದೆ. ಹತ್ತು ವರ್ಷ ಕಳೆದಾಗ ಶ್ರೀಮಂತನ ಕಾಲು ಅದೇ 50 ಡಾಲರಿನ ಬೂಟಿನಲ್ಲಿ ಒಣಗಿಯೇ ಇರುತ್ತದೆ, ಬಡವನು 100 ಡಾಲರ್ ಸುರಿದೂ ಒದ್ದೆ ಕಾಲಿನಲ್ಲಿ ನಡೆಯುತ್ತಿರುತ್ತಾನೆ. ಬಡತನವೇ ದುಬಾರಿ ಎಂಬುದನ್ನು ಇಷ್ಟು ಅಡಕವಾಗಿ ಹೇಳಿದ ಅರ್ಥಶಾಸ್ತ್ರದ ಗ್ರಂಥವನ್ನು ನಾನಂತೂ ಓದಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ, ಬಡವರು ಕೊಳ್ಳುವ ಅಗ್ಗದ ದಿನಸಿಯ ಬೆಲೆ ಎಷ್ಟು ಏರುತ್ತಿದೆಯೆಂದು ಅಳೆಯಹೊರಟ ಜಾಕ್ ಮನ್ರೋ ಅವರು ತಮ್ಮ ಸೂಚ್ಯಂಕಕ್ಕೆ ವೈಮ್ಸ್‌ನ ಬೂಟುಗಳ ಹೆಸರನ್ನೇ ಇಟ್ಟರು. ಪ್ರಾಟ್ಚೆಟ್ ಅವರ ವಾರಸುದಾರರು ಅದಕ್ಕೆ ಸಂತೋಷದಿಂದ ಒಪ್ಪಿದರು. ಮಂತ್ರವಾದಿಗಳ ತಮಾಷೆ ಎಂದರಲ್ಲ ನಿಮ್ಮ ಗೆಳತಿ, ಅವರಿಗೆ ಇದನ್ನು ಓದಿ ಹೇಳಿ.

ಆದರೂ ವೈಮ್ಸ್ ನಮಗೆ ಆಪ್ತನಾಗುವುದು ಅವನ ವಿಚಾರಗಳಿಂದ ಎಂದರೆ ನಾನು ಪೂರ್ತಿ ಒಪ್ಪಲಾರೆ. 2005ರ 'ಥಡ್!' ಕಾದಂಬರಿಯಲ್ಲಿ ಅವನು ದಿನವೂ ಸಂಜೆ ಆರಕ್ಕೆ ಸರಿಯಾಗಿ ಮನೆಗೆ ಓಡಿಬಂದು ಪುಟ್ಟ ಮಗನಿಗೆ, ಕಳೆದುಹೋದ ಹಸುವೊಂದನ್ನು ಹುಡುಕುವ ಚಿತ್ರಪುಸ್ತಕವನ್ನು ಓದಿ ಹೇಳುತ್ತಾನೆ. ನಗರ ಹೊತ್ತಿ ಉರಿಯುವ ಸ್ಥಿತಿಯಲ್ಲಿದ್ದರೂ ಆ ಹೊತ್ತು ತಪ್ಪುವಂತಿಲ್ಲ. ಒಳ್ಳೆಯ ಕಾರಣಕ್ಕೆಂದು ಒಮ್ಮೆ ತಪ್ಪಿಸಿದವನು ಕೆಟ್ಟ ಕಾರಣಕ್ಕೂ ತಪ್ಪಿಸುತ್ತಾನೆ ಎಂಬುದು ಅವನ ತರ್ಕ. ಕಾದಂಬರಿಯ ಅತ್ಯಂತ ಭೀಕರ ಘಟ್ಟದಲ್ಲಿ, ನೆಲದಾಳದ ಕತ್ತಲಲ್ಲಿ, ಅವನ ಬಾಯಿಂದ ಗರ್ಜನೆಯಾಗಿ ಹೊರಡುವುದು ಆ ಹಸುವಿನ ಪುಸ್ತಕದ ಸಾಲುಗಳೇ. ಅಲ್ಲಿ ನಗು ಬರುತ್ತದೆ, ಕಣ್ಣೂ ತುಂಬುತ್ತದೆ, ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ. ಕೇವಲ ಗಂಭೀರನಾದ ಲೇಖಕನೊಬ್ಬನಿಗೆ ಈ ದೃಶ್ಯ ಹೊಳೆಯುತ್ತಲೇ ಇರಲಿಲ್ಲ. ಹೊಳೆದಿದ್ದರೂ ನಾಚಿಕೊಂಡು ಹೊಡೆದುಹಾಕುತ್ತಿದ್ದ.

ಇನ್ನು ಸರಣಿಯಲ್ಲಿ ಪಾತ್ರವಾಗಿಯೇ ಬರುವ ಮೃತ್ಯುವಿನ ಮಾತು. ಬಿಂಕಿ ಎಂಬ ಮುದ್ದು ಹೆಸರಿನ ಬಿಳಿ ಕುದುರೆಯನ್ನೇರುವ, ಬೆಕ್ಕುಗಳೆಂದರೆ ಪ್ರಾಣಬಿಡುವ, ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಹೆಣಗಿ ಪ್ರತಿಸಲವೂ ತುಸು ತಪ್ಪುವ ಆ ಅಸ್ಥಿಪಂಜರವನ್ನು ನೀವು ಪತ್ರದಲ್ಲಿ ನಾಲ್ಕೇ ಸಾಲುಗಳಲ್ಲಿ ಮುಗಿಸಿದ್ದೀರಿ, ಇದು ಅನ್ಯಾಯ. 1991ರ 'ರೀಪರ್ ಮ್ಯಾನ್' ಕಾದಂಬರಿಯಲ್ಲಿ ಅವನನ್ನು ಕೆಲಸದಿಂದ ತೆಗೆಯುತ್ತಾರೆ, ಅವನಿಗೂ ಒಂದು ಆಯುಷ್ಯದ ಮರಳುಗಡಿಯಾರ ಕೊಡುತ್ತಾರೆ. ಅವನು ವೃದ್ಧೆಯೊಬ್ಬಳ ಹೊಲದಲ್ಲಿ ಕೂಲಿಯಾಳಾಗಿ ಸೇರಿ, ಹುಲ್ಲನ್ನು ಒಂದೊಂದೇ ಎಸಳಾಗಿ ಕೊಯ್ಯುತ್ತಾನೆ. ಅದು ನಗೆಪಾಟಲಿನ ಸಂಗತಿ. ಆದರೆ ಕೊಯ್ಯುವವನಿಗೆ ಪ್ರತಿ ಎಸಳೂ ಬೇರೆಯೇ ಎಂಬ ಅರಿವಿನಲ್ಲಿ ಸಿಗುವ ಸಾಂತ್ವನ ದೊಡ್ಡದು. ನನ್ನ ಪರಿಚಿತರೊಬ್ಬರು ತಾಯಿಯ ಕೊನೆಗಾಲದಲ್ಲಿ ಅವರ ಹಾಸಿಗೆಯ ಪಕ್ಕ ಕುಳಿತು ಈ ಪುಸ್ತಕವನ್ನೇ ಓದುತ್ತಿದ್ದರು. ನೋಡಲು ಬಂದವರೊಬ್ಬರು, ಇಂಥ ಹೊತ್ತಿನಲ್ಲಿ ನಗುವ ಪುಸ್ತಕವೇ ಎಂದು ಹುಬ್ಬೇರಿಸಿದರಂತೆ. ಇಂಥ ಹೊತ್ತಿಗೆ ಬೇರೆ ಯಾವುದು ತಾಳುತ್ತದೆ ಎಂದು ತಾವು ಕೇಳಿದ್ದಾಗಿ ಅವರು ಹೇಳಿದರು. ಸಾವಿನ ಸಮೀಪದಲ್ಲಿದ್ದ ಓದುಗರು, ತಮ್ಮನ್ನು ಕರೆದೊಯ್ಯಲು ಬರುವವನು ಆ ಕಾದಂಬರಿಗಳ ಮೃತ್ಯುವಿನಂತೆಯೇ ಇರಲೆಂದು ಬರೆದ ಪತ್ರಗಳು ಪ್ರಾಟ್ಚೆಟ್ ಅವರಿಗೆ ಬರುತ್ತಿದ್ದವು. ಅವುಗಳನ್ನು ಓದಿ ತಾವು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತ ಕೂರುವುದುಂಟೆಂದು ಅವರು ಹೇಳಿಕೊಂಡಿದ್ದರು. ಯಾವ ಪ್ರಶಸ್ತಿ ವಿಜೇತ ಕಾದಂಬರಿಗೆ ಇಂಥ ಪತ್ರಗಳು ಬರುತ್ತವೆ, ಹೇಳಿ?

ಮಾಟಗಾತಿ ಗ್ರ್ಯಾನಿ ವೆದರ್‌ವ್ಯಾಕ್ಸ್ ಬಗ್ಗೆ ನೀವು ಬರೆದುದಕ್ಕೆ ನಾನು ಸೇರಿಸಬೇಕಾದದ್ದು ಹೆಚ್ಚಿಲ್ಲ. ಮನಸ್ಸನ್ನು ಹಕ್ಕಿ ಪ್ರಾಣಿಗಳೊಳಗೆ ಕಳಿಸಿ ತಾನು ಹೆಣದಂತೆ ಮಲಗುವಾಗ, 'ನಾನು ಸತ್ತಿಲ್ಲ' ಎಂದು ಕಾಗುಣಿತ ತಪ್ಪಿ ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದಿರುವ ಆ ಮುದುಕಿಯೇ, ಮನುಷ್ಯರನ್ನು ವಸ್ತುಗಳಂತೆ ಕಾಣುವುದರಿಂದಲೇ ಪಾಪ ಹುಟ್ಟುತ್ತದೆಂದು ಧರ್ಮಬೋಧಕನಿಗೆ ಪಾಠ ಹೇಳುವವಳು. ಒಳ್ಳೆಯವಳಾಗಿರುವುದು ಅವಳಿಗೆ ಸುಲಭವಲ್ಲ, ಸಿಟ್ಟಿನಿಂದಲೇ ಒಳ್ಳೆಯವಳಾಗಿದ್ದಾಳೆ. ಮಾಯಾ ಅಪಘಾತದಲ್ಲಿ ಒರಾಂಗುಟಾನ್ ಆಗಿ, ಮೇಲಿನ ಕಪಾಟುಗಳಿಗೆ ಕೈ ಎಟುಕುವ ಅನುಕೂಲ ಕಂಡು ಮರಳಿ ಮನುಷ್ಯನಾಗಲು ಒಪ್ಪದ ಗ್ರಂಥಪಾಲಕನ ವಿವೇಕವೂ ಕಡಿಮೆಯದಲ್ಲ.

ಈಗ ನನ್ನ ಹಳೆಯ ದೂರು. ಹಾಸ್ಯದ ಎದುರು ಪಕ್ಷದಲ್ಲಿ ಗಾಂಭೀರ್ಯವನ್ನು ನಿಲ್ಲಿಸುವುದು ತಪ್ಪು, ಹಾಸ್ಯದ ಎದುರಿಗಿರುವುದು ಹಾಸ್ಯವಿಲ್ಲದಿರುವುದು ಮಾತ್ರ ಎಂಬರ್ಥದ ವಾದವನ್ನು ಇಂಗ್ಲಿಷ್ ಲೇಖಕ ಜಿ.ಕೆ. ಚೆಸ್ಟರ್‌ಟನ್ 1905ರಷ್ಟು ಹಿಂದೆಯೇ ಮಂಡಿಸಿದ್ದರು. ಭರತನೂ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಶೃಂಗಾರ ಹೇಳಿದ ಮರುಕ್ಷಣವೇ ಹಾಸ್ಯವನ್ನು ಹೇಳುತ್ತಾನೆ. ಕರುಣ, ವೀರಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಅರಿಸ್ಟಾಟಲನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ವಿವೇಚನೆ ನಮ್ಮ ಕೈಸೇರಿತು, ಹಾಸ್ಯವನ್ನು ಕುರಿತು ಹೇಳುವೆನೆಂದ ಭಾಗ ಸಿಗಲಿಲ್ಲ. ಆ ಭಾಗ ಸಿಗದಿರುವುದನ್ನೇ ವಿಮರ್ಶಕರು ಒಂದು ತೀರ್ಪೆಂದು ತಿಳಿದಂತಿದೆ. ವಿಮರ್ಶೆಗೆ ಪುಸ್ತಕ ಹಂಚುವ ಕೆಲಸದಲ್ಲಿ ನಾನು ಕಂಡಿರುವುದೇನೆಂದರೆ, ಸಾವು ನೋವಿನ ಕಾದಂಬರಿಯನ್ನು ಕೊಟ್ಟರೆ ಹಿರಿಯ ವಿಮರ್ಶಕರು ಕೇಳಿದ್ದಕ್ಕಿಂತ ಎರಡರಷ್ಟು ಬರೆದು ಕಳಿಸುತ್ತಾರೆ, ನಗಿಸುವ ಕಾದಂಬರಿಯನ್ನು ಕೊಟ್ಟರೆ ಅದನ್ನು ಯಾರಾದರೂ ಹೊಸಬರಿಗೆ ಕೊಡಿ ಎನ್ನುತ್ತಾರೆ. ಹೊಸಬರು 'ಬಿಡುವಿನ ಓದಿಗೆ ತಕ್ಕ ಪುಸ್ತಕ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಓದುಗನನ್ನು ಅಳಿಸಲು ಒಂದು ಮಗುವಿನ ಕಾಯಿಲೆ ಸಾಕು. ನಗಿಸಲು ವಾಕ್ಯದ ಪ್ರತಿ ಪದವೂ ತನ್ನ ಜಾಗದಲ್ಲೇ ಇರಬೇಕು, ಅರೆಕ್ಷಣ ತಡವಾದರೆ ಕೆಲಸ ಕೆಟ್ಟಿತು. ಈ ಕುಶಲತೆಗೆ ಅಂಕ ಕೊಡುವವರಿಲ್ಲ.

ಇದಕ್ಕಿಂತಲೂ ನನ್ನನ್ನು ಕೆಣಕುವವರು ಪ್ರಾಟ್ಚೆಟ್ ಅವರ ಸಮರ್ಥಕರಲ್ಲೇ ಒಂದು ಗುಂಪಿನವರು. ಪ್ರಾಟ್ಚೆಟ್ ಹಾಸ್ಯಲೇಖಕರೇ ಅಲ್ಲ, ನಿಜಕ್ಕೂ ದಾರ್ಶನಿಕರು, ನಗು ಬರೀ ಹೊರಕವಚ ಎಂದು ಈ ಗುಂಪಿನವರು ವಾದಿಸುತ್ತಾರೆ. 2025ರಲ್ಲಿ 'ನೈಟ್ ವಾಚ್' ಕಾದಂಬರಿ ಪೆಂಗ್ವಿನ್‌ನ ಆಧುನಿಕ ಮೇರುಕೃತಿಗಳ ಮಾಲೆಗೆ ಸೇರಿದಾಗ ಈ ವಾದಕ್ಕೆ ಮತ್ತಷ್ಟು ಬಲ ಬಂತು. ಆ ಗೌರವ ನನಗೂ ಸಂತೋಷ ತಂದಿತು. ಆದರೆ ಸರಣಿಯಲ್ಲೇ ಹೆಚ್ಚು ಕತ್ತಲೆ ತುಂಬಿದ, ಕ್ರಾಂತಿಯೊಂದರ ಹಿಂಸೆಯ ನಡುವೆ ನಡೆಯುವ ಕಾದಂಬರಿಗೇ ಆ ಮಾಲೆಯ ಬಾಗಿಲು ತೆರೆದದ್ದನ್ನು ಗಮನಿಸಿ. ಹಲವು ಕಾಲುಗಳ ಮೇಲೆ ಓಡಾಡುತ್ತ, ಕಿರುಕುಳ ಕೊಟ್ಟವರನ್ನು ನುಂಗಿಬಿಡುವ ಪೆಟ್ಟಿಗೆಯ ಕಥೆಗೆ ಅದು ಯಾವಾಗ ತೆರೆಯುತ್ತದೋ ನೋಡೋಣ. ನಗುವನ್ನು ಸುಲಿದು ತೆಗೆದರೆ ವೈಮ್ಸ್ ಬೋಧಕನಾಗುತ್ತಾನೆ, ಗ್ರ್ಯಾನಿ ಸಾಧ್ವಿಯಾಗುತ್ತಾಳೆ, ಇಬ್ಬರನ್ನೂ ದೂರದಿಂದ ಗೌರವಿಸಬಹುದೇ ಹೊರತು ಪ್ರೀತಿಸಲಾಗದು. ನಿಮಗೆ ಅವರು ಆಪ್ತರಾದದ್ದು ಅವರು ನಗೆಪಾಟಲಾಗುವುದನ್ನು ಕಂಡಿದ್ದೀರಿ ಎಂಬುದರಿಂದಲೇ. ನಗೆಪಾಟಲಾದ ಮೇಲೂ ಘನತೆ ಉಳಿಸಿಕೊಂಡವರ ಬಗ್ಗೆ ಹುಟ್ಟುವ ಪ್ರೀತಿ, ಅದೂ ಒಂದು ಲೋಕದೊಳಗೆ ವರ್ಷಗಟ್ಟಲೆ ಅವರ ಜೊತೆಗಿದ್ದು ಅವರು ಬದಲಾಗುವುದನ್ನು ನೋಡಿದಾಗ, ಬೇಗ ಅಳಿಯುವುದಿಲ್ಲ. ನಿಮ್ಮ ಅಭಿರುಚಿ ನಿಂತುಹೋಗಿಲ್ಲ, ಅದು ನೆಲೆಯೂರಿದೆ.

ಕೊನೆಯ ಕಾದಂಬರಿ 'ದಿ ಶೆಫರ್ಡ್ಸ್ ಕ್ರೌನ್' ಬಗ್ಗೆ. ಅದನ್ನು ಓದದಿದ್ದರೆ ಸರಣಿ ಮುಗಿಯುವುದಿಲ್ಲವೆಂಬ ಭಾವನೆಯಿಂದ ಎತ್ತಿಟ್ಟಿರುವವರು ನೀವೊಬ್ಬರೇ ಅಲ್ಲ, ಅನೇಕರಿದ್ದಾರೆ. ಮೆದುಳನ್ನು ಸವೆಸುವ ಅಪರೂಪದ ಬಗೆಯ ಆಲ್ಝೈಮರ್ಸ್ ಕಾಯಿಲೆ ತಮಗಿದೆಯೆಂದು 2007ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮೇಲೂ ಪ್ರಾಟ್ಚೆಟ್, ಬೆರಳಚ್ಚು ಸಾಧ್ಯವಾಗದಾದಾಗ ಬಾಯಲ್ಲಿ ಹೇಳಿ ಬರೆಸುತ್ತ, ಕಾದಂಬರಿಗಳನ್ನು ಮುಗಿಸುತ್ತಲೇ ಹೋದರು. 2015ರ ಮಾರ್ಚ್ 12ರಂದು ಅವರು ತೀರಿಕೊಂಡರು, ಈ ಪುಸ್ತಕ ಅದೇ ವರ್ಷ ಹೊರಬಂತು. ಇನ್ನಷ್ಟು ತಿದ್ದಲು ಅವರಿಗೆ ಸಮಯ ಸಿಕ್ಕಿದ್ದರೆ ಕೆಲವು ಭಾಗಗಳು ತುಂಬಿಕೊಳ್ಳುತ್ತಿದ್ದವು ಎನ್ನಿಸುವುದು ನಿಜ. ಮುಂದೆ ಯಾರೂ ಈ ಸರಣಿಯನ್ನು ಬರೆಯುವುದಿಲ್ಲವೆಂದು ಮಗಳು ರಿಯಾನಾ ಪ್ರಾಟ್ಚೆಟ್ ಸ್ಪಷ್ಟಪಡಿಸಿದ್ದಾರೆ. ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು ಪ್ರಾಟ್ಚೆಟ್ ಅವರ ಇಚ್ಛೆಯಂತೆ 2017ರಲ್ಲಿ ಹಳೆಯ ಉಗಿ ರೋಡ್‌ರೋಲರಿನಡಿ ಹಾಕಿ ಪುಡಿಮಾಡಲಾಯಿತು. ಎತ್ತಿಟ್ಟು ಕಾಯುವುದರಿಂದ ಇನ್ನೊಂದು ಪುಸ್ತಕವೇನೂ ಬರುವುದಿಲ್ಲ. ಅದರ ಮೊದಲ ಅಧ್ಯಾಯಗಳಲ್ಲೇ ನಿಮಗೆ ಪ್ರಿಯಳಾದವಳೊಬ್ಬಳ ಬಗ್ಗೆ ಕಷ್ಟದ ಸುದ್ದಿಯಿದೆ, ಆದರೆ ಅದನ್ನು ಬರೆದಿರುವ ರೀತಿಯನ್ನು ನೀವು ಓದದೇ ಇರಬಾರದು.

ಗೆಳತಿಗೆ ಒಂದು ಪುಸ್ತಕ ಕೊಡಬೇಕೆಂದಿದ್ದರೆ, ಪ್ರಕಟಣೆಯ ಕ್ರಮದಲ್ಲೇ ಓದಬೇಕೆಂದು ಹಟಹಿಡಿಯುವವರ ಮಾತು ಕೇಳಬೇಡಿ. ಮೊದಲನೆಯದನ್ನು ಕೊಟ್ಟರೆ ಗೆಳತಿಯ ವಾದವೇ ಗೆಲ್ಲುತ್ತದೆ. 'ಗಾರ್ಡ್ಸ್! ಗಾರ್ಡ್ಸ್!' ಕೊಡಿ. ಸಾವಿನ ಬಗ್ಗೆ ಯೋಚಿಸುವ ಸ್ವಭಾವದವರಾದರೆ 1987ರ 'ಮಾರ್ಟ್' ಕೊಡಿ. ನಿಮ್ಮ ಸ್ವಂತ ಪ್ರತಿಯನ್ನು ಮಾತ್ರ ಕೊಡಬೇಡಿ, ಬೇರೊಂದನ್ನು ಕೊಂಡು ಕೊಡಿ. ಹಿಡಿಸಿದರೆ ಅವರು ಅದನ್ನು ಹಿಂದಿರುಗಿಸುವುದಿಲ್ಲ.

- ಸಂಪಾದಕ