ಮೊದಲು ಸವಣೂರಿನ ಮರ, ಮರುದಿನ ಸಿನಿಮಾ

ದಸರಾ ರಜೆಯಲ್ಲಿ ದಾವಣಗೆರೆಯಿಂದ ಸವಣೂರಿನ ಹಳೆಯ ಮರವನ್ನೂ ವೈಜ್ಞಾನಿಕ ಕಲ್ಪನೆಯ ಸಿನಿಮಾವನ್ನೂ ಒಂದೇ ದಿನದಲ್ಲಿ ಮಕ್ಕಳಿಗೆ ತೋರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಂದೇ ದಿನಕ್ಕೆ ತುರುಕಬೇಡಿ. ಮರಕ್ಕೆ ಬಿಡುವಾಗಿ ಹೋಗಿ.

ಹಾವೇರಿ ಮಾರ್ಗವಾಗಿ ಬೆಳಿಗ್ಗೆಯೇ ಹೊರಡಿ. ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವುದು ಒಂದಲ್ಲ, ಮೂರು ಮರಗಳು. ಹೆಸರು ದೊಡ್ಡಹುಣಸೆಯಾದರೂ ಹುಣಸೆ ಜಾತಿಯದಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಬೂದುಬಣ್ಣದ ತೊಗಟೆ ಆನೆಯ ಚರ್ಮದಂತೆ ಮಡಿಕೆ ಬಿದ್ದಿದೆ. ಮೆತ್ತನೆಯ ಕಾಂಡದೊಳಗೆ ನೀರು ಸಂಗ್ರಹವಾಗಿರುತ್ತದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಬದುಕುವ ಮರವಿದು. ಅದಕ್ಕೇ ದಸರಾ ಒಳ್ಳೆಯ ಸಮಯ, ಅಂಗೈಯಂತೆ ಬಿಡಿಸಿಕೊಂಡ ಎಲೆಗಳನ್ನು ನೋಡಬಹುದು. ಬಿಳಿ ಹೂವು ಅರಳುವುದು ರಾತ್ರಿ, ಪರಾಗಸ್ಪರ್ಶಕ್ಕೆ ಬಾವಲಿಗಳೂ ಬರುತ್ತವೆ. ವಯಸ್ಸು ಸಾವಿರಾರು ವರ್ಷ ಎಂದು ಊರವರು ಹೇಳುತ್ತಾರೆ. ಬಾವೊಬಾಬ್‌ನ ವಯಸ್ಸನ್ನು ಉಂಗುರ ಎಣಿಸಿ ಹೇಳುವುದು ಕಷ್ಟ, ಇಂಗಾಲದ ಪರೀಕ್ಷೆಯೇ ಬೇಕು ಎಂಬುದನ್ನು ಮಕ್ಕಳಿಗೆ ತಿಳಿಸಿ. ತೊಗಟೆಯ ಮೇಲೆ ಹೆಸರು ಕೆತ್ತಲು ಮಾತ್ರ ಯಾರನ್ನೂ ಬಿಡಬೇಡಿ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಿನಿಮಾ ಮರುದಿನ ಊರಲ್ಲೇ ಆಗಲಿ. ಕನ್ನಡ ಡಬ್ಬಿಂಗ್ ಇದೆಯೇ ವಿಚಾರಿಸಿ. ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಬಂದರೆ ತಪ್ಪೇನೆಂದು ಮಕ್ಕಳೇ ಹೇಳಲಿ: ಅಲ್ಲಿ ಶಬ್ದವನ್ನು ಒಯ್ಯಲು ಗಾಳಿಯಿಲ್ಲ.