ಹ್ಯಾಂಗ್ ಗ್ಲೈಡಿಂಗ್ ಕಲಿಯುವ ಹೊಸಬರಿಗೆ ಹಲವರು ಸೇರಿ ಕೈಪಿಡಿ ಬರೆಯುವುದು ಹೇಗೆ?

ನೀವು ಎಂಟು ಜನ ಗೆಳೆಯರು ಹ್ಯಾಂಗ್ ಗ್ಲೈಡರ್ ಹಾರಿಸುತ್ತೀರಿ. ಹೊಸದಾಗಿ ಕಲಿಯಲು ಬರುವವರಿಗೆ ಎಲ್ಲರೂ ಸೇರಿ ಒಂದು ಕೈಪಿಡಿ ಬರೆಯಬೇಕು ಅಂತಿದ್ದೀರಿ. ಗೂಗಲ್ ಡಾಕ್ ತೆರೆದು ಎಂಟೂ ಜನರಿಗೆ ಎಡಿಟ್ ಅನುಮತಿ ಕೊಟ್ಟಾಗಿದೆ, ಮುಂದೇನು ಅಂತ ಕೇಳಿದ್ದೀರಿ.

ಮೊದಲು ಏಳು ಜನರ ಎಡಿಟ್ ಅನುಮತಿ ತೆಗೆದುಹಾಕಿ. ಸಿಟ್ಟು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್ ಹತ್ತಿರ. ವಾರವಿಡೀ ಕಂಪ್ಯೂಟರ್ ಮುಂದೆ, ಶನಿವಾರ ಬಂದರೆ ಎಡ್ ಲೆವಿನ್ ಪಾರ್ಕಿನ ಗುಡ್ಡದಲ್ಲಿ. ಅಲ್ಲಿ ಕೆಳಗೆ ಒಂದು ಪುಟ್ಟ ತರಬೇತಿ ದಿಬ್ಬ, ಅದರ ಮೇಲೆ 300 ಅಡಿ, 600 ಅಡಿ, 1750 ಅಡಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಹಾರುವ ಜಾಗಗಳಿವೆ. ಕೆಲವು ವರ್ಷದ ಹಿಂದೆ ನಾವು ಆರು ಜನ ನಿಮ್ಮ ಹಾಗೆಯೇ ಹುರುಪಿನಿಂದ ಕೈಪಿಡಿ ಶುರು ಮಾಡಿದೆವು. ಒಂದೇ ಚಳಿಗಾಲದಲ್ಲಿ 140 ಪುಟ ಆಯಿತು. ಪೂರ್ತಿ ಓದಿದವರು ಮಾತ್ರ ಯಾರೂ ಇಲ್ಲ.

ಯಾಕೆ ಅಂದರೆ, ಒಬ್ಬೊಬ್ಬರೂ ತಮಗೆ ಇಷ್ಟವಾದದ್ದನ್ನು ಬರೆದಿದ್ದರು. ಬಿಸಿಗಾಳಿಯ ಕಂಬ ಹಿಡಿದು ಮೇಲೇರುವ ಥರ್ಮಲ್ ವಿಷಯಕ್ಕೆ 30 ಪುಟ. ಗ್ಲೈಡರ್ ಹೊತ್ತು ಇಳಿಜಾರಿನಲ್ಲಿ ಓಡುವುದಕ್ಕೆ ಅರ್ಧ ಪುಟ! ಆದರೆ ಹೊಸಬರು ಮೊದಲ ಕೆಲವು ದಿನ ಮಾಡುವುದೇ ಅದನ್ನು ಅಲ್ವಾ? ಸುಮಾರು 25 ಕೆ.ಜಿ. ತೂಕದ ರೆಕ್ಕೆಯನ್ನು ಹೆಗಲ ಮೇಲೆ ಹೊತ್ತು ಹತ್ತುತ್ತಾರೆ, ಓಡಿ ಇಳಿಯುತ್ತಾರೆ, ಮತ್ತೆ ಹೊತ್ತು ಹತ್ತುತ್ತಾರೆ. ಕಾಲು ನೆಲದಿಂದ ಆಳೆತ್ತರ ಎದ್ದರೆ ಅವತ್ತು ಹಬ್ಬ. ಅವರಿಗೆ ಥರ್ಮಲ್ ಕಟ್ಟಿಕೊಂಡು ಏನಾಗಬೇಕು?

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಊರ ಕಡೆ ನಾನು ಹ್ಯಾಂಗ್ ಗ್ಲೈಡಿಂಗ್ ಅಂದ ಕೂಡಲೇ ಎಲ್ಲರೂ ಪ್ಯಾರಾಗ್ಲೈಡಿಂಗ್ ಅಂದುಕೊಳ್ಳುತ್ತಾರೆ. ಅದು ಬರೀ ಬಟ್ಟೆಯ ರೆಕ್ಕೆ, ಮಡಚಿ ಬೆನ್ನಿಗೆ ಹಾಕಿಕೊಂಡು ಹೋಗಬಹುದು. ಇದು ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟಿಗೆ ಬಿಗಿದ ತ್ರಿಕೋನದ ರೆಕ್ಕೆ. ಅದರಡಿ ಹೊಟ್ಟೆ ಕೆಳಗಾಗಿ ತೂಗಿಕೊಂಡು, ಮೈಯ ಭಾರವನ್ನು ಆ ಕಡೆ ಈ ಕಡೆ ಸರಿಸಿ ತಿರುಗಿಸಬೇಕು.

ನಮ್ಮ 140 ಪುಟ ಹೇಗೆ ಸರಿಹೋಯಿತು ಅಂದರೆ, ದಿಬ್ಬದಲ್ಲಿ ಮೂರು ವಾರಾಂತ್ಯ ಕಳೆದಿದ್ದ ಒಬ್ಬ ಹೊಸ ಹುಡುಗಿಯ ಕೈಗೆ ಕೆಂಪು ಪೆನ್ನು ಕೊಟ್ಟೆವು. ಅರ್ಥವಾಗದ ಕಡೆಯೆಲ್ಲ ಗೆರೆ ಎಳೆ ಅಂದೆವು. ಮೊದಲ ಪುಟದಲ್ಲೇ ಹನ್ನೊಂದು ಗೆರೆ. ನಾನು ಬರೆದ ಪುಟ ಅದು. ‘ಕಂಟ್ರೋಲ್ ಬಾರ್ ಹಿಡಿಯಿರಿ’ ಅಂತ ಒಂದು ಕಡೆ, ‘ಎ-ಫ್ರೇಮ್’ ಅಂತ ಇನ್ನೊಂದು ಕಡೆ, ಕೆಳಗೆ ‘ಡೌನ್‌ಟ್ಯೂಬ್’, ಅದರ ಕೆಳಗೆ ‘ಅಪ್‌ರೈಟ್’. ಎ-ಫ್ರೇಮ್ ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ತ್ರಿಕೋನದ ಚೌಕಟ್ಟು. ಡೌನ್‌ಟ್ಯೂಬ್ ಮತ್ತು ಅಪ್‌ರೈಟ್ ಒಂದೇ ವಸ್ತು, ಆ ಚೌಕಟ್ಟಿನ ಎರಡು ಪಕ್ಕದ ಕೊಳವೆಗಳು. ಅಮೆರಿಕದವರು ಜಾಸ್ತಿ ಡೌನ್‌ಟ್ಯೂಬ್ ಅನ್ನುತ್ತಾರೆ, ಬ್ರಿಟನ್ನಿನವರು ಅಪ್‌ರೈಟ್ ಅನ್ನುತ್ತಾರೆ. ನಮ್ಮಲ್ಲಿ ಒಬ್ಬರು ಇಂಗ್ಲೆಂಡಿನಲ್ಲಿ ಕಲಿತು ಬಂದವರು, ಅವರ ಸಾಲು ನನ್ನ ಸಾಲಿನ ನಡುವೆ ಸೇರಿಕೊಂಡಿತ್ತು. ಆ ಹುಡುಗಿ ಎರಡು ಬೇರೆ ಬೇರೆ ಕೊಳವೆ ಅಂದುಕೊಂಡು ಗ್ಲೈಡರಿನಲ್ಲಿ ಹುಡುಕಿದ್ದಳಂತೆ.

ಅಲ್ಲಿಂದ ನಾವು ಕ್ರಮ ಬದಲಿಸಿದೆವು. ಮೊದಲ ಕರಡು ಬರೆಯುವುದು ಇತ್ತೀಚೆಗೆ ಕಲಿತವರು. ಅವರಿಗೆ ಯಾವುದು ಕಷ್ಟವಾಗಿತ್ತು ಅನ್ನುವುದು ಇನ್ನೂ ಮೈಯಲ್ಲಿರುತ್ತದೆ. ತಪ್ಪನ್ನು ಹೊಡೆದುಹಾಕುವುದು ಸರ್ಟಿಫಿಕೇಟ್ ಇರುವ ಇನ್‌ಸ್ಟ್ರಕ್ಟರ್. ಹಳಬರು ಅಂಚಿನಲ್ಲಿ ಟಿಪ್ಪಣಿ ಹಾಕಬಹುದು, ಪಠ್ಯಕ್ಕೆ ಕೈ ಹಚ್ಚುವ ಹಾಗಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ದನಿಯಲ್ಲಿ ತಿದ್ದಿ ಬರೆಯಲು ಒಬ್ಬರೇ ಒಬ್ಬರು. ಎಡಿಟ್ ಅನುಮತಿ ಒಬ್ಬರಿಗೆ ಸಾಕು ಅಂದದ್ದು ಇದಕ್ಕೇ.

ಬರೀ ಪದದ ಗೊಂದಲವಾದರೆ ನಕ್ಕು ಸುಮ್ಮನಾಗಬಹುದು. ಈ ಆಟದಲ್ಲಿ ಒಂದು ಸಾಲು ತಪ್ಪಿದರೆ ಮೂಳೆ ಮುರಿಯುತ್ತದೆ. ಇಳಿಯುವಾಗ ಕೊನೆಯಲ್ಲಿ ‘ಫ್ಲೇರ್’ ಮಾಡುವುದು ನಿಮಗೆ ಗೊತ್ತಿರುತ್ತದೆ. ಎರಡೂ ಡೌನ್‌ಟ್ಯೂಬ್ ಹಿಡಿದು ಜೋರಾಗಿ ತಳ್ಳಿದರೆ ಮೂಗು ಮೇಲೇಳುತ್ತದೆ, ರೆಕ್ಕೆ ಬ್ರೇಕಿನ ಹಾಗೆ ನಿಲ್ಲುತ್ತದೆ, ಕಾಲು ನೆಲಕ್ಕೆ ತಾಗುತ್ತದೆ. ನಮ್ಮ ಕರಡಿನಲ್ಲಿ ಯಾರೋ ‘ನೆಲ ಹತ್ತಿರ ಬಂದಾಗ ತಳ್ಳಿ’ ಅಂತ ಬರೆದಿದ್ದರು. ಹಾರಿ ಪಳಗಿದವರಿಗೆ ಅದು ಸರಿಯಾಗಿಯೇ ಕಾಣುತ್ತದೆ. ಒಬ್ಬ ಹುಡುಗ ಅದನ್ನು ಓದಿಕೊಂಡು ಬಂದ. ನೆಲ ಹತ್ತಿರ ಬಂತು, ತಳ್ಳಿದ. ಆದರೆ ವೇಗ ಇನ್ನೂ ಕಡಿಮೆಯಾಗಿರಲಿಲ್ಲ. ಗ್ಲೈಡರ್ ಅವನನ್ನು ಎತ್ತಿಕೊಂಡು ಸುಮಾರು ಹತ್ತು ಅಡಿ ಮೇಲೆ ಹೋಯಿತು, ಅಲ್ಲಿ ಸ್ಟಾಲ್ ಆಯಿತು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಿತು, ಮೂಗು ಕೆಳಗಾಗಿ ಬಂತು. ಒಂದು ಡೌನ್‌ಟ್ಯೂಬ್ ಬಾಗಿತು. ಅವನು ಕೈ ಬಿಟ್ಟಿದ್ದರಿಂದ ತೋಳು ಉಳಿಯಿತು. ಬೀಳುವಾಗ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡವರಿಗೆ ಮೇಲ್ತೋಳಿನ ಮೂಳೆ ತಿರುಚಿ ಮುರಿಯುವುದು ಈ ಆಟದಲ್ಲಿ ಹಳೆಯ ಕಥೆ.

ಈಗ ಆ ಪುಟದಲ್ಲಿ ಎತ್ತರದ ಮಾತಿಲ್ಲ, ಕೈಗೆ ಏನು ತಿಳಿಯುತ್ತದೆ ಅನ್ನುವುದಿದೆ. ನೆಲದ ಮೇಲೆ ಸಮನಾಗಿ ತೇಲುತ್ತಾ ವೇಗ ಇಳಿಯಲು ಬಿಡಿ. ಬಾರ್ ತಾನೇ ಮುಂದಕ್ಕೆ ಹೋಗಬೇಕೆನ್ನುವ ಹಾಗೆ ಹಗುರವಾಗುತ್ತದೆ, ಆಮೇಲೆ ಗ್ಲೈಡರ್ ಮೆತ್ತಗಾಗಿ ಕುಸಿಯಲು ನೋಡುತ್ತದೆ. ಆಗ ಪೂರ್ತಿ ತಳ್ಳಿ, ತಳ್ಳಿದ ಕೈ ಹಿಂದಕ್ಕೆ ತರಬೇಡಿ. ಬೇಗ ತಳ್ಳಿ ಮೇಲೆದ್ದುಬಿಟ್ಟರೆ ಗಾಬರಿಯಿಂದ ಎಳೆದುಕೊಳ್ಳಬೇಡಿ, ಹಾಗೇ ಹಿಡಿದಿರಿ, ಆಮೇಲೆ ಉಳಿದದ್ದನ್ನು ತಳ್ಳಿ. ಮೊದಲ ದಿನಗಳಲ್ಲಿ ಇದ್ಯಾವುದೂ ಬೇಡ, ಚೌಕಟ್ಟಿನ ಅಡಿಯ ಅಡ್ಡ ಕೊಳವೆ, ಅಂದರೆ ಬೇಸ್ ಬಾರಿಗೆ ಚಕ್ರ ಇರಲಿ, ಹೊಟ್ಟೆಯ ಮೇಲೇ ಜಾರಿ ಇಳಿಯಿರಿ. ಇಷ್ಟನ್ನು ಬರೆಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಗಾಳಿಯ ಪುಟದಲ್ಲಿ ಅಂಕಿ ಬೇಕೇ ಬೇಕು. ಗಾಳಿಯ ವೇಗ ಗಂಟೆಗೆ 10 ಮೈಲಿಯಿಂದ 14ಕ್ಕೆ ಏರಿದರೆ ಹೊಸಬರು ‘ನಾಲ್ಕೇ ಮೈಲಿ ಜಾಸ್ತಿ’ ಅಂದುಕೊಳ್ಳುತ್ತಾರೆ. ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 10ರ ವರ್ಗ 100, 14ರ ವರ್ಗ 196. ಅಂದರೆ ರೆಕ್ಕೆಯನ್ನು ಎಳೆಯುವ ಬಲ ಹೆಚ್ಚುಕಡಿಮೆ ಇಮ್ಮಡಿ. ಈ ಒಂದು ಸಾಲು ಓದಿದ ಮೇಲೆ ಎಷ್ಟೋ ಜನ ಸುಮ್ನೆ ಕೂತು ಗಾಳಿ ಇಳಿಯುವುದನ್ನು ಕಾಯಲು ಕಲಿತರು.

ಇನ್ನು ಜಗಳದ ವಿಷಯ. ಬಂದೇ ಬರುತ್ತದೆ, ತಯಾರಾಗಿರಿ. ನಿಮ್ಮ ಎಂಟು ಜನರ ಸ್ನೇಹ ಮುರಿದರೆ ಅದು ‘ಹುಕ್ ಇನ್’ ಪುಟದಲ್ಲೇ ಮುರಿಯುತ್ತದೆ.

ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ಸಿನ ಲೋಹದ ಕೊಂಡಿಯನ್ನು, ಅಂದರೆ ಕ್ಯಾರಬಿನರನ್ನು, ಗ್ಲೈಡರಿಗೆ ಸಿಕ್ಕಿಸುವುದನ್ನು ಮರೆತು ಓಡಿದರೆ ರೆಕ್ಕೆ ಹಾರುತ್ತದೆ, ನೀವು ಕೈಯಲ್ಲಿ ಜೋತು ಬೀಳುತ್ತೀರಿ. ಇದು ಪೆದ್ದರಿಗೆ ಮಾತ್ರ ಆಗುವ ತಪ್ಪಲ್ಲ. 2018ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ನಲ್ಲಿ ಪ್ರವಾಸಿಯೊಬ್ಬರನ್ನು ಸಿಕ್ಕಿಸದೆಯೇ ಪೈಲಟ್ ಟ್ಯಾಂಡೆಮ್ ಹಾರಾಟ, ಅಂದರೆ ಇಬ್ಬರು ಒಟ್ಟಿಗೆ ಹಾರುವುದು, ಶುರು ಮಾಡಿದರು. ಆ ಪ್ರವಾಸಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಕೈಯಲ್ಲಿ ಜೋತಾಡಿ, ಮಣಿಕಟ್ಟು ಮುರಿದುಕೊಂಡು ಬದುಕಿದರು. ಆ ವಿಡಿಯೊ ನೀವೂ ನೋಡಿರಬಹುದು.

ಇದನ್ನು ತಪ್ಪಿಸುವುದು ಹೇಗೆ ಅಂತ ಹಾರುವವರಲ್ಲಿ ಮೂರು ಪಂಗಡ. ಒಂದು ಪಂಗಡ ‘ಹ್ಯಾಂಗ್ ಚೆಕ್’ನವರು. ಒಬ್ಬರು ಗ್ಲೈಡರಿನ ಮೂಗು ಹಿಡಿದುಕೊಳ್ಳುತ್ತಾರೆ, ಪೈಲಟ್ ಹಾರ್ನೆಸ್ಸಿನಲ್ಲಿ ಮಲಗಿ ತೂಗಿ ನೋಡುತ್ತಾರೆ. ಎರಡನೆಯವರು ‘ಆಸ್ಟ್ರೇಲಿಯಾ ಪದ್ಧತಿ’ಯವರು. ಮೊದಲು ಹಾರ್ನೆಸ್ಸನ್ನು ಗ್ಲೈಡರಿಗೆ ಸಿಕ್ಕಿಸಿ, ಆಮೇಲೆ ಅದರೊಳಗೆ ಹೊಕ್ಕುತ್ತಾರೆ. ಸಿಕ್ಕಿಸದ ಹಾರ್ನೆಸ್ಸನ್ನು ಮೈಮೇಲೆ ಹಾಕಿಕೊಳ್ಳುವುದೇ ಇಲ್ಲ. ಮೂರನೆಯವರು ಓಡುವ ಆ ಕ್ಷಣದಲ್ಲೇ ಗ್ಲೈಡರನ್ನು ಮೇಲೆತ್ತಿ, ತೊಡೆಯ ಪಟ್ಟಿ ಬಿಗಿದದ್ದು ಮೈಗೆ ತಿಳಿದ ಮೇಲೇ ಹೆಜ್ಜೆ ಇಡುವವರು.

ಮೂವರ ವಾದದಲ್ಲೂ ಹುರುಳಿದೆ. ಹ್ಯಾಂಗ್ ಚೆಕ್ ಮಾಡಿದರೆ ಪಟ್ಟಿ ತಿರುಚಿದ್ದು, ಬಾರಿನಿಂದ ಮೈ ಎಷ್ಟು ಮೇಲಿದೆ ಅನ್ನುವುದು ಎಲ್ಲ ಗೊತ್ತಾಗುತ್ತದೆ. ಆದರೆ ಆಮೇಲೆ ಗಾಳಿ ಕೆಡುತ್ತದೆ, ಕ್ಯಾರಬಿನರ್ ಬಿಚ್ಚಿ ನೀರು ಕುಡಿಯಲು ಹೋಗುತ್ತೀರಿ, ವಾಪಸ್ ಬಂದಾಗ ‘ಚೆಕ್ ಆಗಿದೆ’ ಅಂತ ಮನಸ್ಸು ಸುಳ್ಳು ಹೇಳುತ್ತದೆ. ಆಸ್ಟ್ರೇಲಿಯಾ ಪದ್ಧತಿಯಲ್ಲಿ ಹುಕ್ ಮರೆಯುವುದು ಕಷ್ಟ, ಆದರೆ ತೊಡೆಯ ಪಟ್ಟಿ ಹಾಕುವುದನ್ನು ಮರೆಯಬಹುದು, ಅದೂ ಅಷ್ಟೇ ಅಪಾಯ. ಎತ್ತಿ ನೋಡುವುದು ನನಗೆ ಇಷ್ಟ, ಆದರೆ ಗಾಳಿ ಇಲ್ಲದ ದಿನ ದೊಡ್ಡ ಗ್ಲೈಡರನ್ನು ಅಷ್ಟೆತ್ತರ ಎತ್ತಲು ಎಲ್ಲರಿಗೂ ಆಗುವುದಿಲ್ಲ.

ನಾವು ಎರಡು ತಿಂಗಳು ಇದನ್ನೇ ಹಗ್ಗ ಜಗ್ಗಾಡಿದೆವು. ಬಗೆಹರಿಸಿದ್ದು ನಮ್ಮ ಬುದ್ಧಿಯಲ್ಲ. ಅಮೆರಿಕದ ಹ್ಯಾಂಗ್ ಗ್ಲೈಡಿಂಗ್ ಮತ್ತು ಪ್ಯಾರಾಗ್ಲೈಡಿಂಗ್ ಸಂಘದ ನಿಯಮದಲ್ಲಿ ಒಂದು ಮಾತಿದೆ: ಪ್ರತಿ ಹಾರಾಟದಲ್ಲೂ, ಓಡುವ ತುಸು ಮುಂಚೆ, ತಾನು ಸಿಕ್ಕಿಸಿಕೊಂಡಿದ್ದೇನೆ ಅಂತ ಖಚಿತಪಡಿಸಿಕೊಳ್ಳುವ ಒಂದು ವಿಧಾನವನ್ನು ಪೈಲಟ್ ತೋರಿಸಬೇಕು. ಯಾವ ವಿಧಾನ ಅಂತ ಅದು ಹೇಳುವುದಿಲ್ಲ, ಯಾವಾಗ ಅಂತ ಹೇಳುತ್ತದೆ. ನಾವು ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿ, ಮೂರು ವಿಧಾನವನ್ನೂ ಅದರ ಅದರ ಕೊರತೆಯ ಜೊತೆಗೇ ವಿವರಿಸಿ, ‘ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದನ್ನು ಮಾಡಿ’ ಅಂತ ಬರೆದೆವು. ಬೇರೆ ಜಗಳಗಳಿಗೂ ಇದೇ ದಾರಿ ಹಿಡಿಯಿರಿ. ಎಲ್ಲರೂ ಒಪ್ಪುವ ನಿಯಮ ಮೇಲೆ, ಒಪ್ಪದ ವಿಧಾನಗಳು ಕೆಳಗೆ.

ಅಧ್ಯಾಯಗಳನ್ನು ನೀವೇ ಹೊಸದಾಗಿ ಕಟ್ಟಲು ಹೋಗಬೇಡಿ. ಅದೇ ಸಂಘದಲ್ಲಿ ಬಿಗಿನರ್, ನೋವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್, ಮಾಸ್ಟರ್ ಅಂತ ಐದು ಹಂತಗಳಿವೆ. ಹಂತಕ್ಕೆ ತಕ್ಕ ಹಾಗೆ ಏನೇನು ಬರಬೇಕು ಅನ್ನುವ ಪಟ್ಟಿ ಇದೆ. ಮೊದಲ ಎರಡು ಹಂತವನ್ನು ಅಸ್ಥಿಪಂಜರ ಮಾಡಿಕೊಳ್ಳಿ, ಮೂರನೆಯದಕ್ಕೆ ಹೋಗಲೇಬೇಡಿ. ನಮ್ಮ 140 ಪುಟ ಇಳಿದು 38 ಆಯಿತು. ನಿಮ್ಮ ಗುಡ್ಡದ ಗಾಳಿ, ತಂತಿ ಕಂಬ, ಇಳಿಯುವ ಮೈದಾನ ಇವನ್ನೆಲ್ಲ ಬೇರೆ ಹಾಳೆಯಲ್ಲಿಡಿ, ಅವು ವರ್ಷ ವರ್ಷ ಬದಲಾಗುತ್ತವೆ.

ಮುಖಪುಟದಲ್ಲೇ ‘ಇದನ್ನು ಓದಿ ಹಾರಬೇಡಿ, ಗುರು ಬೇಕು’ ಅಂತ ಹಾಕಿ. ಇದು ವಕೀಲರ ಮಾತಲ್ಲ. ಜರ್ಮನಿಯ ಓಟ್ಟೊ ಲಿಲಿಯೆಂತಾಲ್ 1891ರಿಂದ ಐದು ವರ್ಷದಲ್ಲಿ ಸುಮಾರು 2000 ಸಲ ಹಾರಿದವರು. ಮೈಭಾರ ಸರಿಸಿ ಹಾರುವುದನ್ನು ಜಗತ್ತಿಗೆ ತೋರಿಸಿಕೊಟ್ಟವರು. 1896ರ ಆಗಸ್ಟ್‌ನಲ್ಲಿ ಅವರ ಗ್ಲೈಡರ್ ಸ್ಟಾಲ್ ಆಗಿ ಬಿದ್ದು ಮರುದಿನ ತೀರಿಕೊಂಡರು. ಅವರಿಗೆ ಹೇಳಿಕೊಡಲು ಯಾರೂ ಇರಲಿಲ್ಲ. 1970ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿದಿರು ಮತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಗ್ಲೈಡರ್ ಕಟ್ಟಿ, ನಕ್ಷೆ ನೋಡಿಕೊಂಡು ತಾವೇ ಕಲಿತವರು ಬಹಳ ಜನ, ಸತ್ತವರೂ ಕಡಿಮೆಯಲ್ಲ. ಆಮೇಲೇ ಈ ಹಂತಗಳು, ಇನ್‌ಸ್ಟ್ರಕ್ಟರ್ ಪರೀಕ್ಷೆ ಎಲ್ಲ ಬಂದದ್ದು.

ಕನ್ನಡದಲ್ಲಿ ಬರೆಯುವುದಾದರೆ ದಯವಿಟ್ಟು ಡೌನ್‌ಟ್ಯೂಬನ್ನು ‘ಅಧೋನಾಳ’ ಮಾಡಬೇಡಿ. ನಾನು ಒಂದು ಸಲ ತಮಾಷೆಗೆ ಪಟ್ಟಿ ಮಾಡಿದ್ದೆ, ಸ್ಟಾಲಿಗೆ ‘ಉತ್ಥಾನಭಂಗ’ ಅಂತ ಬಂತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಬಿದ್ದಿರುತ್ತಾನೆ. ಇನ್‌ಸ್ಟ್ರಕ್ಟರ್ ಕೆಳಗಿನಿಂದ ಏನಂತ ಕೂಗುತ್ತಾರೋ ಅದೇ ಪದ ಪುಸ್ತಕದಲ್ಲೂ ಇರಬೇಕು. ವಿವರಣೆ ಮಾತ್ರ ಮನೆಮಾತಿನಲ್ಲಿರಲಿ. ‘ನೋಡಿದ ಕಡೆಗೇ ಹೋಗುತ್ತೀರಿ’ ಅನ್ನುವ ಪಾಠಕ್ಕೆ ನಾನು ಸೈಕಲ್ ಕಲಿತ ಕಥೆ ಬರೆದೆ. ಇಡೀ ಬೀದಿ ಖಾಲಿ ಇದ್ದರೂ, ಗುದ್ದಬಾರದು ಅಂತ ದಿಟ್ಟಿಸಿದ ಲೈಟ್ ಕಂಬಕ್ಕೇ ಹೋಗಿ ಗುದ್ದುತ್ತಿದ್ದೆವಲ್ಲ, ಗ್ಲೈಡರಿನಲ್ಲಿ ಮರದ ವಿಷಯವೂ ಅಷ್ಟೇ.

ಚಿತ್ರಗಳನ್ನು ನೀವೇ ತೆಗೆಯಿರಿ, ಬೇರೆ ಪುಸ್ತಕದಿಂದ ಎತ್ತಬೇಡಿ. ಪ್ರತಿ ಪುಟದ ಕೆಳಗೆ ತಿದ್ದಿದ ದಿನಾಂಕ ಹಾಕಿ, ಹಳೆಯ ಪ್ರತಿ ಯಾರದೋ ಕಾರಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಬಿಡಿ ಹಾಳೆಯಲ್ಲಿ ಪ್ರಿಂಟ್ ಹಾಕಿಸಬೇಡಿ. ನಮ್ಮ ಮೊದಲ ಪ್ರತಿಯನ್ನು ಕೆಳಗಿನ ಮೈದಾನದಲ್ಲಿ ಬಿಚ್ಚಿದೆವು, ಮಧ್ಯಾಹ್ನದ ಪಶ್ಚಿಮದ ಗಾಳಿ ಬಂತು. ಅರ್ಧ ಕೈಪಿಡಿ 300 ಅಡಿಯ ದಿಬ್ಬದ ಕಡೆ ಹೋಯಿತು, ಆರಿಸಿಕೊಂಡು ಬರಲು ಎಲ್ಲರೂ ಗುಡ್ಡ ಹತ್ತಬೇಕಾಯಿತು.